ಗಡಿನಾಡಿನ ಒಂದು ಪಟ್ಟಣ: ಪಾವಗಡ

ತುಮಕೂರು ಜಿಲ್ಲೆಯ ಭೂಪಟವನ್ನು ಬಿಡಿಸಿ ನೋಡಿದವರಿಗೆ ಒಂದು ವಿಚಿತ್ರವು ಕಣ್ಣಿಗೆ ಬೀಳದಿರದು. ಜಿಲ್ಲೆಯ ಹತ್ತು ತಾಲ್ಲೂಕುಗಳಲ್ಲಿ ಒಂಬತ್ತು ಒಂದಕ್ಕೊಂದು ಅಂಟಿಕೊಂಡು ಒಂದೇ ಮೈಯಾಗಿವೆ. ಹತ್ತನೆಯದು ಮಾತ್ರ, ಜಾತ್ರೆಯ ಜನಸಂದಣಿಯಲ್ಲಿ ತಾಯಿಯ ಕೈಬಿಟ್ಟ ಮಗುವಿನಂತೆ, ಈಶಾನ್ಯದಲ್ಲಿ ದೂರವಾಗಿ ನಿಂತಿದೆ. ನಡುವೆ ಆಂಧ್ರಪ್ರದೇಶದ ಮಡಕಶಿರೆಯ ಸೀಮೆಯು ಅಡ್ಡವಾಗಿ ಬಂದಿದೆ. ಈ ಹತ್ತನೆಯ ತಾಲ್ಲೂಕೇ ಪಾವಗಡ. ಅಲ್ಲಿನ ರೈತನು ತನ್ನ ಜಿಲ್ಲೆಯ ಮುಖ್ಯ ಕಚೇರಿಗೆ ಹೋಗಬೇಕಾದರೆ ಒಂದೋ ನೆರೆರಾಜ್ಯದ ನೆಲವನ್ನು ಹಾಯಬೇಕು, ಇಲ್ಲವೆ ಚಿತ್ರದುರ್ಗದ ಜಿಲ್ಲೆಯನ್ನು ಬಳಸಿಕೊಂಡು ಬರಬೇಕು. ಹೀಗೆ ಎರಡು ತುಂಡಾಗಿರುವ ಜಿಲ್ಲೆಯು ನಮ್ಮ ರಾಜ್ಯದಲ್ಲಿ ಬೇರೊಂದು ಇರುವುದನ್ನು ನಾನು ಕಾಣೆ. ಆ ಊರಿನ ಬಹುಮಂದಿಯ ಮನೆಮಾತು ತೆಲುಗು. ಕಚೇರಿಯ, ಶಾಲೆಯ, ಪುರಸಭೆಯ ಮಾತು ಕನ್ನಡ. ಈ ಪಟ್ಟಣದ ಪೂರ್ವಕಥೆಯನ್ನೂ ಅದರ ಪೌರಜೀವನವನ್ನೂ ಕುರಿತು ಈ ದಿನ ನಾಲ್ಕು ಮಾತುಗಳನ್ನು ಆಡಬೇಕೆಂದಿದ್ದೇನೆ.

ಇದನ್ನು ಹೇಳಲು ನನಗೇನು ಅಧಿಕಾರವೆಂದು ಕೇಳುವವರು ಇರಬಹುದು. ನಾನು ಹುಳಿಯಾರಿನವನು; ಚಿಕ್ಕನಾಯಕನಹಳ್ಳಿ, ತಿಪಟೂರು, ತುರುವೇಕೆರೆಗಳ ತೆಂಗಿನ ಸೀಮೆಯಲ್ಲಿ ಬೆಳೆದವನು. ಪಾವಗಡವೂ ಹುಳಿಯಾರೂ ಒಂದೇ ಜಿಲ್ಲೆಗೆ ಸೇರಿದವೆಂಬುದನ್ನು ನಾನು ಬಾಲ್ಯದಲ್ಲಿ ಪುಸ್ತಕದಿಂದ ಕಲಿತೆನೇ ಹೊರತು ಕಣ್ಣಿನಿಂದ ಕಲಿಯಲಿಲ್ಲ. ನಮ್ಮ ಕಡೆಯ ಹಿರಿಯರ ಬಾಯಲ್ಲಿ ಶಿರಾ ದಾಟಿದ ಮೇಲಿನದೆಲ್ಲ 'ತೆಲುಗು ಸೀಮೆ'. ಸರ್ಕಾರದ ನೌಕರರಿಗೆ ಅಲ್ಲಿಗೆ ವರ್ಗವಾದರೆ, ಪಾಪ, ಮನೆಯವರು ಮುಖ ಸಣ್ಣಗೆ ಮಾಡಿಕೊಳ್ಳುತ್ತಿದ್ದರು. ಇತಿಹಾಸವನ್ನು ಓದಿ, ಅದನ್ನು ಕಲಿಸುವ ಉದ್ಯೋಗದಲ್ಲಿ ಕಾಲ ಕಳೆದ ಮೇಲೆ, ಈ 'ತೆಲುಗು ಸೀಮೆ' ಎಂಬ ಮಾತಿನಲ್ಲಿ ಎಷ್ಟು ನಿಜವಿದೆ, ಎಷ್ಟು ಅಜ್ಞಾನವಿದೆ ಎಂಬುದನ್ನು ನೋಡಿಯೇ ತಿಳಿಯಬೇಕೆಂದು ನನಗೆ ಅನ್ನಿಸಿತು.

ಹುಳಿಯಾರಿನಿಂದ ಬುಕ್ಕಾಪಟ್ಟಣದ ಮಾರ್ಗವಾಗಿ ಶಿರಾ ಪಟ್ಟಣಕ್ಕೆ ಬಂದು, ಅಲ್ಲಿಂದ ಈಶಾನ್ಯಕ್ಕೆ ತಿರುಗಿದರೆ, ದೇಶದ ಬಣ್ಣವು ಗಳಿಗೆಗೊಮ್ಮೆ ಬದಲಾಗುತ್ತ ಹೋಗುವುದು. ಮೊದಲು ತೋಟಗಳು ವಿರಳವಾಗುವುವು. ಆಮೇಲೆ ಕೆರೆಯ ಹಿಂದೆ ಅಲ್ಲೊಂದು ಇಲ್ಲೊಂದು ತೆಂಗಿನ ಮರ. ಕೊನೆಗೆ ಕಣ್ಣು ಹರಿಯುವವರೆಗೂ ಕೆಂಪು ಮಣ್ಣು, ಕಡಲೆಕಾಯಿಯ ಹೊಲ, ಗುಂಡುಕಲ್ಲಿನ ಬೆಟ್ಟ. ಪಾವಗಡದ ಪೇಟೆಯಲ್ಲಿ ನಾನು ಮೊದಲು ಕಲಿತ ಪಾಠವು ಭಾಷಾಶಾಸ್ತ್ರಕ್ಕೆ ಸಂಬಂಧಪಟ್ಟದ್ದು. ಒಂದು ಅಂಗಡಿಯಲ್ಲಿ 'ಕೊಬ್ಬರಿ ಇದೆಯೇ?' ಎಂದು ಕೇಳಿದೆ. ಅಂಗಡಿಯಾತನು ಹಸಿಯ ತೆಂಗಿನಕಾಯಿಯನ್ನು ತಂದು ಮುಂದಿಟ್ಟನು. ತಿಪಟೂರಿನ ಮಾರುಕಟ್ಟೆಯ ಸುತ್ತಮುತ್ತ ಹುಟ್ಟಿದವನಿಗೆ ಕೊಬ್ಬರಿಯೆಂದರೆ ಅಟ್ಟದ ಮೇಲೆ ತಿಂಗಳುಗಟ್ಟಲೆ ಇದ್ದು, ಒಳಗೆ ಗಡಗಡನೆ ಉರುಳುವ ಒಣಗಿದ ಗಿಟಕು. ತೆಲುಗಿನಲ್ಲಿ ಕೊಬ್ಬರಿಯೆಂದರೆ ಹಸಿಯದೇ. ನಮ್ಮದು ಅವರಿಗೆ 'ಎಂಡು ಕೊಬ್ಬರಿ', ಅಂದರೆ ಒಣಕೊಬ್ಬರಿ. ಮಾತು ಒಂದೇ, ವಸ್ತು ಬೇರೆ. ಅಂಗಡಿಯಾತನೂ ನಾನೂ ನಕ್ಕೆವು. ಅವನು ಕೂಡಲೇ ಅಚ್ಚಗನ್ನಡದಲ್ಲಿ, 'ನೀವು ತಿಪಟೂರು ಕಡೆಯವರೇನು ಸ್ವಾಮಿ?' ಎಂದು ಕೇಳಿದನು.

ಊರಿನ ಹೆಸರಿನಿಂದಲೇ ಆರಂಭಿಸೋಣ. ಬೆಟ್ಟದಲ್ಲಿ ಕೋಟೆ ಕಟ್ಟುವಾಗ ಹಾವಿನ ಚಿತ್ರವಿದ್ದ ಕಲ್ಲೊಂದು ದೊರೆಯಿತೆಂದೂ, ತೆಲುಗಿನಲ್ಲಿ ಹಾವಿಗೆ 'ಪಾಮು' ಎನ್ನುವುದರಿಂದ ಊರಿಗೆ ಈ ಹೆಸರು ಬಂದಿತೆಂದೂ ಸ್ಥಳದ ಐತಿಹ್ಯವಿದೆ. ಇದನ್ನು ಕೇಳಿದವರು, ಹೆಸರೇ ತೆಲುಗು ಎಂದು ತೀರ್ಪು ಕೊಟ್ಟುಬಿಡುವರು. ಆದರೆ ಹಳಗನ್ನಡವನ್ನು ಸ್ವಲ್ಪವಾದರೂ ಓದಿದವರು ಇಲ್ಲಿ ಒಂದು ಕ್ಷಣ ನಿಲ್ಲಬೇಕು. ಹಳಗನ್ನಡದಲ್ಲಿ ಹಾವಿಗೆ 'ಪಾವು' ಎಂದೇ ಹೆಸರು. ಪಕಾರವು ಹಕಾರವಾದದ್ದು ನಮ್ಮ ಭಾಷೆಯಲ್ಲಿ ಮುಂದಿನ ಕಾಲದ ಮಾರ್ಪಾಡು. ಪಾವಗಡಕ್ಕೆ ಅನತಿದೂರದಲ್ಲಿರುವ ಹೇಮಾವತಿಯು ಇದಕ್ಕೆ ಒಳ್ಳೆಯ ಸಾಕ್ಷಿ: ನೊಳಂಬರ ರಾಜಧಾನಿಯಾಗಿದ್ದ ಆ ಊರು ಹಳೆಯ ಶಾಸನಗಳಲ್ಲಿ 'ಪೆಂಜೆರು', ಅನಂತರದವುಗಳಲ್ಲಿ 'ಹೆಂಜೆರು'. ಹೀಗಿರುವಲ್ಲಿ, ಪಾವಗಡವೆಂಬ ಹೆಸರಿನ ಪೂರ್ವಾರ್ಧವು ತೆಲುಗೋ, ಹಳೆಯ ಕನ್ನಡವೋ ಎಂದು ಹಟ ಹಿಡಿದು ನಿರ್ಣಯಿಸಲು ನಾನು ಸಿದ್ಧನಿಲ್ಲ. ಉತ್ತರಾರ್ಧದ 'ಗಡ'ವಂತೂ ಕೋಟೆಯೆಂಬರ್ಥದಲ್ಲಿ ಉತ್ತರದ ಭಾಷೆಗಳಿಂದ ಬಂದಂತೆ ತೋರುವುದು. ಮೂರಕ್ಷರದ ಜೊತೆಗೆ ಇನ್ನೊಂದು ಸೇರಿದ ಈ ಸಣ್ಣ ಹೆಸರಿನಲ್ಲಿಯೇ ಎರಡು ಮೂರು ಭಾಷೆಗಳು ನೆಂಟಸ್ತಿಕೆ ಬೆಳೆಸಿರುವುವು.

ಪಾವಗಡದ ಬೆಟ್ಟಕ್ಕಿಂತ ಹಿಂದಿನದು ನಿಡುಗಲ್ಲಿನ ಬೆಟ್ಟ. ಇದು ಪಾವಗಡ ಪಟ್ಟಣದ ಪಶ್ಚಿಮಕ್ಕೆ, ಅದೇ ತಾಲ್ಲೂಕಿನಲ್ಲಿದೆ. ಹನ್ನೆರಡು, ಹದಿಮೂರನೆಯ ಶತಮಾನಗಳಲ್ಲಿ ಇಲ್ಲಿ ಆಳಿದವರು ತಾವು ಕರಿಕಾಲ ಚೋಳನ ವಂಶದವರೆಂದೂ, ತಮ್ಮ ಮೂಲಸ್ಥಾನವು ಒರೆಯೂರೆಂದೂ ಹೇಳಿಕೊಂಡರು. ತಮಿಳುನಾಡಿನ ಕಾವೇರಿಯ ತೀರದ ಕುಲವನ್ನು ಹೇಳಿಕೊಂಡ ಈ ಅರಸರು ತಮ್ಮ ದಾನಧರ್ಮಗಳನ್ನು ಕಲ್ಲಿನಲ್ಲಿ ಕೊರೆಯಿಸಿದ್ದು ಕನ್ನಡದಲ್ಲಿ. ಇವರು ಆಳಿದ ನಾಡುಗಳಲ್ಲಿ ರೊದ್ದ ನಾಡು, ಸಿರೆ ನಾಡುಗಳ ಹೆಸರು ಬರುವುದು. ರೊದ್ದವು ಈಗ ಆಂಧ್ರಪ್ರದೇಶದಲ್ಲಿ ಪೆನುಗೊಂಡೆಯ ಬಳಿಯಿದೆ. ಅಂದರೆ, ಇಂದು ನಾವು ಎರಡು ರಾಜ್ಯಗಳೆಂದು ಹೇಳುವ ನೆಲವನ್ನು ನಿಡುಗಲ್ಲಿನ ಅರಸನು ಒಂದೇ ಕೋಟೆಯ ಬುರುಜಿನ ಮೇಲೆ ನಿಂತು ನೋಡುತ್ತಿದ್ದನು. ಅವನಿಗೆ ಅಲ್ಲಿ ಗಡಿಯು ಕಾಣಿಸುತ್ತಿರಲಿಲ್ಲ.

ಇರುಂಗೋಳನೆಂಬ ಹೆಸರಿನ ಅರಸರು ಈ ವಂಶದಲ್ಲಿ ಪ್ರಸಿದ್ಧರು. ಇವರಿಗೂ ಹೊಯ್ಸಳರಿಗೂ ತಲೆಮಾರುಗಳ ಜಗಳ. ವಿಷ್ಣುವರ್ಧನನು ಜಯಿಸಿದವರ ಪಟ್ಟಿಯಲ್ಲಿ ಇರುಂಗೋಳನ ಹೆಸರೂ ಇದೆ. ಕೊನೆಗೆ ೧೨೮೫ರಲ್ಲಿ ಮೂರನೆಯ ನರಸಿಂಹನು ನಿಡುಗಲ್ಲಿನ ಮೇಲೆ ದಂಡೆತ್ತಿ ಬಂದನು. ನಮ್ಮ ಹುಳಿಯಾರಿನಲ್ಲಿಯೂ ಹೊಯ್ಸಳರ ಕಾಲದ ಶಾಸನಗಳಿವೆ. ಆದಕಾರಣ ಆ ಯುದ್ಧದಲ್ಲಿ ನಮ್ಮ ಪೂರ್ವಿಕರು ಒಂದು ಪಕ್ಷದಲ್ಲಿಯೂ ಪಾವಗಡದವರ ಪೂರ್ವಿಕರು ಇನ್ನೊಂದು ಪಕ್ಷದಲ್ಲಿಯೂ ಇದ್ದಿರಬೇಕೆಂದು ವಿನೋದಕ್ಕಾಗಿ ಊಹಿಸಿಕೊಳ್ಳಬಹುದು. ಎರಡು ಪಕ್ಷದವರೂ ಶಾಸನ ಬರೆಯಿಸಿದ್ದು ಕನ್ನಡದಲ್ಲಿಯೇ ಎಂಬುದು ಮಾತ್ರ ವಿನೋದವಲ್ಲ, ಇತಿಹಾಸ. ನಿಡುಗಲ್ಲಿನ ಬೆಟ್ಟದ ಮೇಲೆ ಶಿವಾಲಯಗಳೂ ಜೈನ ಬಸದಿಯೂ ಇದ್ದುವು. ಈಗ ಹೋದವರಿಗೆ ಮುರಿದ ಗೋಡೆಗಳೂ ಕುರುಚಲು ಪೊದೆಗಳೂ ಕಾಣುವುವು. ಹತ್ತುವುದಕ್ಕೆ ಕಾಲಿನಲ್ಲಿ ಕಸುವು ಬೇಕು. ನಲವತ್ತು ದಾಟಿದ ಅಧ್ಯಾಪಕರು ಬೆಳಗ್ಗೆಯೇ ಹೊರಡುವುದು ಲೇಸು.

ವಿಜಯನಗರದ ಪತನಾನಂತರ ರಾಜಧಾನಿಯು ಪೆನುಗೊಂಡೆಗೆ ಬಂದುದರಿಂದ ಈ ಸೀಮೆಗೆ ಕೆಲವು ಕಾಲ ಮಹತ್ವವುಂಟಾಯಿತು. ಪಾಳೆಯಗಾರರು ಬೆಟ್ಟಕ್ಕೊಬ್ಬರಂತೆ ತಲೆಯೆತ್ತಿದರು. ಹಿರಿಯೂರು ತಾಲ್ಲೂಕಿನ ಹರತಿಯಿಂದ ಬಂದ ನಾಯಕರು ನಿಡುಗಲ್ಲಿನಲ್ಲಿ ನೆಲೆಸಿದರು. ಪಾವಗಡದ ಬೆಟ್ಟದಲ್ಲಿ ಬೇರೊಂದು ಪಾಳೆಯಗಾರರ ಮನೆತನವು ಕೋಟೆ ಕಟ್ಟಿತು. ೧೬೮೭ರಲ್ಲಿ ಮೊಗಲರು ಶಿರಾದಲ್ಲಿ ತಮ್ಮ ಸುಭಾವನ್ನು ಸ್ಥಾಪಿಸಿದಾಗ ಅದಕ್ಕೆ ಸೇರಿದ ಏಳು ಪರಗಣೆಗಳಲ್ಲಿ ಪೆನುಗೊಂಡೆಯೂ ಒಂದು, ನಮ್ಮ ಹುಳಿಯಾರಿಗೆ ನೆರೆಯ ಬೂದಿಹಾಳೂ ಒಂದು. ಆ ಲೆಕ್ಕದಲ್ಲಿ ತೆಂಗಿನ ಸೀಮೆಯೂ ಕಡಲೆಕಾಯಿಯ ಸೀಮೆಯೂ ಒಂದೇ ಖಜಾನೆಗೆ ಕಂದಾಯ ಕಟ್ಟಿರುವುವು. ಅನಂತರ ಹೈದರಾಲಿಯು ಈ ಪಾಳೆಯಪಟ್ಟುಗಳನ್ನು ಒಂದೊಂದಾಗಿ ಅಡಗಿಸಿ ಮೈಸೂರಿಗೆ ಸೇರಿಸಿಕೊಂಡನು.

ಹಾಗಾದರೆ ಭೂಪಟದ ಮೇಲಿನ ಈ ವಿಚಿತ್ರಕ್ಕೆ ಕಾರಣವೇನು? ಭಾಷೆಯಲ್ಲ, ಬೆಟ್ಟನದಿಗಳೂ ಅಲ್ಲ. ಕಾರಣವು ಶ್ರೀರಂಗಪಟ್ಟಣದ ಪತನದ ಅನಂತರ ನಡೆದ ಹಂಚಿಕೆ. ೧೭೯೯ರಲ್ಲಿ ಟಿಪ್ಪುವಿನ ರಾಜ್ಯವನ್ನು ಪಾಲು ಮಾಡಿದಾಗ ಮಡಕಶಿರೆ, ಪೆನುಗೊಂಡೆಗಳ ಸೀಮೆಯು ನಿಜಾಮನ ಭಾಗಕ್ಕೆ ಹೋಯಿತು. ಪಾವಗಡವು ಮೈಸೂರಿನ ಒಡೆಯರ ಭಾಗದಲ್ಲಿ ಉಳಿಯಿತು. ನಿಜಾಮನು ೧೭೯೨ರಲ್ಲಿಯೂ ೧೭೯೯ರಲ್ಲಿಯೂ ತನಗೆ ಬಂದಿದ್ದ ಸೀಮೆಗಳನ್ನು ೧೮೦೦ರಲ್ಲಿ ಕುಂಪಣಿಯವರಿಗೆ ಬಿಟ್ಟುಕೊಟ್ಟನು. ಅವು 'ದತ್ತ ಮಂಡಲ'ಗಳಾಗಿ ಮದರಾಸಿಗೆ ಸೇರಿದುವು. ಥಾಮಸ್ ಮನ್ರೋ ಅವರು ಅಲ್ಲಿಯ ಕಂದಾಯವನ್ನು ಕಟ್ಟುನಿಟ್ಟಾಗಿ ನಿಗದಿ ಮಾಡಿದರು. ಯಾವ ಊರು ಎಷ್ಟು ವರಹದ ಹುಟ್ಟುವಳಿಯದು ಎಂಬುದನ್ನು ನೋಡಿ ಮೇಜಿನ ಮೇಲೆ ಎಳೆದ ಗೆರೆ ಇದು. ಗೆರೆಯ ಈಚೆ ತೆಲುಗು ಮಾತಿನವರು ಉಳಿದರು, ಆಚೆ ಕನ್ನಡ ಮಾತಿನವರು ಉಳಿದರು. ಮಡಕಶಿರೆಯ ಕಡೆಯ ಅಮರಾಪುರ, ಅಗಳಿ, ರೊಳ್ಳೆಗಳಲ್ಲಿ ಇಂದಿಗೂ ಮನೆಮನೆಗಳಲ್ಲಿ ಕನ್ನಡವಿದೆ, ಕನ್ನಡ ಶಾಲೆಗಳಿವೆ. ಪಾವಗಡದ ತೆಲುಗನ್ನು ನೋಡಿ ಆಶ್ಚರ್ಯಪಡುವವರು ಇತ್ತಣಿಂದತ್ತ ಹತ್ತು ಹರಿದಾರಿ ನಡೆದು ಆಂಧ್ರದ ಕನ್ನಡವನ್ನೂ ಕೇಳಿ ಬರಬೇಕು.

ಮೈಸೂರು ಸಂಸ್ಥಾನದಲ್ಲಿ ಪಾವಗಡವು ಮೊದಲು ಚಿತ್ರದುರ್ಗದ ಜಿಲ್ಲೆಗೂ ಆಮೇಲೆ ತುಮಕೂರಿಗೂ ಸೇರಿತು. ಈ ಪಟ್ಟಣದ ಪೌರಜೀವನವು ರೂಪುಗೊಂಡದ್ದು ಈ ಕಾಲದಲ್ಲಿ. ೧೮೮೧ರಲ್ಲಿ ದಿವಾನ್ ರಂಗಾಚಾರ್ಲು ಅವರು ಪ್ರಜಾಪ್ರತಿನಿಧಿ ಸಭೆಯನ್ನು ಸ್ಥಾಪಿಸಿದಾಗ ೧೪೪ ಮಂದಿ ಪ್ರತಿನಿಧಿಗಳು ಮೈಸೂರಿನಲ್ಲಿ ನೆರೆದರು. ತಾಲ್ಲೂಕುಗಳಿಂದ ರೈತರೂ ವರ್ತಕರೂ ಬಂದು, ತಮ್ಮ ಊರಿನ ಕೆರೆ, ರಸ್ತೆ, ಶಾಲೆಗಳ ಕುಂದುಕೊರತೆಗಳನ್ನು ದಿವಾನರ ಮುಂದೆ ಹೇಳಿಕೊಳ್ಳುವ ಪದ್ಧತಿಯು ಅಲ್ಲಿಂದ ಆರಂಭವಾಯಿತು. ಅನಂತರ ೧೯೦೬ರ ಪುರಸಭೆಗಳ ರೆಗ್ಯುಲೇಷನ್ನು, ೧೯೩೩ರ ಪಟ್ಟಣ ಪುರಸಭೆಗಳ ಕಾನೂನು ಬಂದುವು. ರಾಜ್ಯಗಳು ಒಂದಾದ ಮೇಲೆ ೧೯೬೪ರ ಕಾನೂನು ಬಂದಿತು. ಕಾನೂನುಗಳ ಪಟ್ಟಿಯನ್ನು ಓದಿ ಶ್ರೋತೃಗಳಿಗೆ ಬೇಸರವನ್ನುಂಟುಮಾಡುವುದು ನನ್ನ ಉದ್ದೇಶವಲ್ಲ. ಹೇಳಬೇಕಾದದ್ದು ಇಷ್ಟು: ನೂರು ವರ್ಷಕ್ಕೂ ಮಿಗಿಲಾಗಿ ಮನೆಯಲ್ಲಿ ತೆಲುಗು ಮಾತನಾಡುವ ಜನರು ಕನ್ನಡದಲ್ಲಿ ಅರ್ಜಿ ಬರೆದು, ಕನ್ನಡದಲ್ಲಿ ಸಭೆ ನಡೆಸಿ, ಕನ್ನಡದಲ್ಲಿ ತೆರಿಗೆಯ ರಶೀದಿ ಪಡೆದು, ಕನ್ನಡದಲ್ಲಿಯೇ ಜಗಳವಾಡಿ ಪೌರರಾದರು. ಪೌರತ್ವವೆಂಬುದು ತಾಯಿಯ ಮಡಿಲಲ್ಲಿ ಬರುವ ವಸ್ತುವಲ್ಲ. ಅದನ್ನು ಚಾವಡಿಯಲ್ಲಿ ಕಲಿಯಬೇಕು. ಪಾವಗಡದವರು ಕಲಿತ ಚಾವಡಿಯು ಕನ್ನಡದ್ದು.

ಈ ದ್ವಿಭಾಷೆಯ ಸಂಸಾರವು ಹೇಗೆ ಸಾಗುವುದೆಂಬುದನ್ನು ಅಲ್ಲಿಯ ಒಬ್ಬ ನಿವೃತ್ತ ಉಪಾಧ್ಯಾಯರು ನನಗೆ ತೋರಿಸಿಕೊಟ್ಟರು. ಅವರ ಮನೆಯ ಜಗಲಿಯ ಮೇಲೆ ಕುಳಿತಿದ್ದೆ. ಮೊಮ್ಮಗನನ್ನು ಗದರಿಸುವುದು ತೆಲುಗಿನಲ್ಲಿ. ನನ್ನೊಡನೆ ಮಾತು ಕನ್ನಡದಲ್ಲಿ. ಕೈಯಲ್ಲಿ ಕನ್ನಡ ಪತ್ರಿಕೆ. 'ಲೆಕ್ಕವನ್ನು ಯಾವ ಭಾಷೆಯಲ್ಲಿ ಹಾಕುತ್ತೀರಿ ಮೇಷ್ಟ್ರೇ?' ಎಂದು ಕೇಳಿದೆ. ಅವರು ಸ್ವಲ್ಪ ಯೋಚಿಸಿ, 'ಬಾಯಲ್ಲಿ ಒಕಟಿ, ರೆಂಡು. ಕಾಗದದಲ್ಲಿ ಒಂದು, ಎರಡು. ಮೂವತ್ತು ವರ್ಷ ಮಗ್ಗಿ ಹೇಳಿಕೊಟ್ಟದ್ದು ಮಾತ್ರ ಕನ್ನಡದಲ್ಲಿ ಸ್ವಾಮಿ' ಎಂದರು. ಅಕ್ಷರಗಳ ವಿಷಯದಲ್ಲಿ ಅವರಿಗೆ ಕಷ್ಟವೇ ಇರಲಿಲ್ಲ. ಕನ್ನಡ ತೆಲುಗುಗಳ ಲಿಪಿಗಳು ಒಂದೇ ತಾಯಿಯ ಮಕ್ಕಳು. ಕೆಲವು ಶತಮಾನಗಳ ಹಿಂದಿನವರೆಗೂ ಎರಡನ್ನೂ ಬೇರೆಯೆಂದು ಹೇಳುವಂತಿರಲಿಲ್ಲ. ತಲೆಕಟ್ಟಿನ ರೀತಿ ಬದಲಾದರೆ ಒಂದು ಇನ್ನೊಂದಾಗುವುದು. 'ನಮ್ಮ ಹುಡುಗರಿಗೆ ಎರಡೂ ಓದಲು ಬರುವುದು. ನಿಮ್ಮ ತಿಪಟೂರಿನ ಹುಡುಗರಿಗೆ ಬರುವುದೇ?' ಎಂದು ಮೇಷ್ಟ್ರು ಕೇಳಿದರು. ಉತ್ತರ ಹೇಳಲು ನನಗೆ ಸಂಕೋಚವಾಯಿತು. ಅವರ ಮನೆಯಲ್ಲಿ ಊಟಕ್ಕೆ ಬಡಿಸಿದ್ದು ರಾಗಿಯ ಸಂಗಟಿ, ಅಂದರೆ ನಮ್ಮ ಮುದ್ದೆಯೇ. ಜೊತೆಗೆ ಕಡಲೆಕಾಯಿಯ ಚಟ್ನಿ. ನಮ್ಮ ಮನೆಯಲ್ಲಾದರೆ ಚಟ್ನಿಗೆ ತೆಂಗಿನಕಾಯಿ ಬೀಳುತ್ತಿತ್ತು. ನಾನು ಕಂಡ ಮಟ್ಟಿಗೆ, ಎರಡು ಸೀಮೆಗಳಿಗೂ ಇರುವ ನಿಜವಾದ ಭೇದವು ಚಟ್ನಿಯಲ್ಲಿದೆ.

ಈ ಸಾಮರಸ್ಯವು ಪಾವಗಡದ ಜಗಲಿಗಳಿಗೆ ಮಾತ್ರ ಸೇರಿದ್ದಲ್ಲ. ರಾಳ್ಳಪಲ್ಲಿ ಅನಂತಕೃಷ್ಣಶರ್ಮರ ಹೆಸರನ್ನು ಶ್ರೋತೃಗಳು ಕೇಳಿರಬಹುದು. ಅವರು ೧೮೯೩ರಲ್ಲಿ ಹುಟ್ಟಿದ್ದು ಅನಂತಪುರದ ಜಿಲ್ಲೆಯ ರಾಳ್ಳಪಲ್ಲಿಯಲ್ಲಿ. ಪಾವಗಡಕ್ಕೆ ಉತ್ತರದ ಸೀಮೆಯದು. ೧೯೧೨ರಿಂದ ೧೯೪೯ರವರೆಗೆ ಮೈಸೂರಿನ ಮಹಾರಾಜಾ ಕಾಲೇಜಿನಲ್ಲಿ ತೆಲುಗನ್ನು ಕಲಿಸಿದರು. ಸಂಗೀತ ಸಾಹಿತ್ಯಗಳನ್ನು ಕುರಿತು ಕನ್ನಡದಲ್ಲಿಯೂ ಬರೆದರು. ಅದೇ ಕಾಲೇಜಿನಲ್ಲಿ ಮನಶ್ಶಾಸ್ತ್ರದ ಪ್ರಾಧ್ಯಾಪಕರಾಗಿದ್ದ ಎಂ. ವಿ. ಗೋಪಾಲಸ್ವಾಮಿಯವರು ೧೯೩೫ರಲ್ಲಿ ತಮ್ಮ ಮನೆಯಲ್ಲಿ ರೇಡಿಯೋ ಪ್ರಸಾರವನ್ನು ಆರಂಭಿಸಿ, 'ಆಕಾಶವಾಣಿ' ಎಂಬ ಹೆಸರನ್ನು ಬಳಕೆಗೆ ತಂದರು. ಸರ್ ಎಂ. ವಿಶ್ವೇಶ್ವರಯ್ಯನವರ ಮನೆಮಾತು ತೆಲುಗೆಂಬುದೂ, ಮಾಸ್ತಿಯವರದು ತಮಿಳೆಂಬುದೂ, ಬೇಂದ್ರೆಯವರದು ಮರಾಠಿಯೆಂಬುದೂ ಎಲ್ಲರಿಗೂ ತಿಳಿದ ವಿಷಯ. ಕನ್ನಡದ ಮನೆಯನ್ನು ಕಟ್ಟಿದವರಲ್ಲಿ ಎಷ್ಟೋ ಮಂದಿ ಬೇರೆ ಮಾತಿನ ಅಡುಗೆಮನೆಯಿಂದ ಬಂದವರು.

ಇಷ್ಟಾದರೂ ಒಂದು ಆಕ್ಷೇಪವುಂಟು. ಸಾಹಿತಿಗಳೂ ಪಂಡಿತರೂ ಹಾಗೆ ಬದುಕಬಹುದು. ಸಾಮಾನ್ಯ ಜನರಿಗೆ ಈ ನಾಡಿನ ಮೇಲೆ ಅಭಿಮಾನವಿರುವುದೇ ಎಂದು ಕೇಳುವವರಿದ್ದಾರೆ. ಅವರಿಗೆ ೧೯೩೮ರ ಏಪ್ರಿಲ್ ೨೫ನ್ನು ನೆನಪಿಗೆ ತರಬೇಕು. ಗೌರಿಬಿದನೂರು ತಾಲ್ಲೂಕಿನ ವಿದುರಾಶ್ವತ್ಥದಲ್ಲಿ, ಪಾವಗಡದಂತೆಯೇ ತೆಲುಗು ಮಾತಿನ ಸೀಮೆಯಲ್ಲಿ, ಧ್ವಜವನ್ನು ಹಿಡಿದು ಸೇರಿದ್ದ ಜನರ ಮೇಲೆ ಗುಂಡು ಹಾರಿತು. ಸತ್ತವರ ಸಂಖ್ಯೆಯನ್ನು ಸರ್ಕಾರ ಒಂದು ಹೇಳಿತು, ಜನ ಇನ್ನೊಂದು ಹೇಳಿದರು. ಆ ಹಳ್ಳಿಗರು ಕೇಳಿದ್ದು ಮೈಸೂರು ಸಂಸ್ಥಾನದಲ್ಲಿ ಜವಾಬ್ದಾರಿ ಸರ್ಕಾರವನ್ನು. ಅವರು ಮನೆಯಲ್ಲಿ ಯಾವ ಮಾತನ್ನು ಆಡುತ್ತಿದ್ದರೆಂದು ಆ ದಿನ ಯಾರೂ ವಿಚಾರಿಸಲಿಲ್ಲ.

ಭಾಷಾವಾರು ರಾಜ್ಯಗಳ ಪ್ರಶ್ನೆಯು ತೀವ್ರವಾದಾಗ ಈ ಗಡಿಯೂ ಚರ್ಚೆಗೆ ಬಂದಿತು. ೧೯೫೩ರ ಅಕ್ಟೋಬರ್ ೧ರಂದು ಆಂಧ್ರರಾಜ್ಯವು ಹುಟ್ಟಿದಾಗ ಬಳ್ಳಾರಿಯ ಕನ್ನಡ ತಾಲ್ಲೂಕುಗಳು ಮೈಸೂರಿಗೆ ಸೇರಿದುವು. ಮಡಕಶಿರೆಯು ಆಂಧ್ರದಲ್ಲಿಯೇ ನಿಂತಿತು. ೧೯೫೫ರಲ್ಲಿ ವರದಿ ಒಪ್ಪಿಸಿದ ರಾಜ್ಯ ಪುನರ್ವಿಂಗಡಣಾ ಆಯೋಗವು ತೆಲುಗರ ಸಂಖ್ಯೆ ಹೆಚ್ಚಾಗಿದ್ದ ಕೋಲಾರವನ್ನು ಕರ್ನಾಟಕದಲ್ಲಿಯೇ ಇರಿಸಿತು. ೧೯೫೬ರ ನವೆಂಬರ್ ೧ರಂದು ಹೊಸ ಮೈಸೂರು ರಾಜ್ಯವು ಏರ್ಪಟ್ಟಾಗ ಪಾವಗಡವು ಅದರಲ್ಲಿ ಯಾವ ಗದ್ದಲವೂ ಇಲ್ಲದೆ ಮುಂದುವರಿಯಿತು. ೧೭೯೯ರಲ್ಲಿ ಹುಟ್ಟುವಳಿಯ ಲೆಕ್ಕದಿಂದ ಎಳೆದ ಗೆರೆಯು ಭಾಷೆಯ ಲೆಕ್ಕದ ಕಾಲದಲ್ಲಿಯೂ ಹಾಗೆಯೇ ಉಳಿದದ್ದನ್ನು ಕೆಲವರು ಅನ್ಯಾಯವೆನ್ನುವರು. ನನ್ನ ಅಭಿಪ್ರಾಯ ಬೇರೆ. ಒಂದೂವರೆ ನೂರು ವರ್ಷ ಒಂದೇ ಶಾಲೆ, ಒಂದೇ ನ್ಯಾಯಾಲಯ, ಒಂದೇ ಕಂದಾಯದ ಪದ್ಧತಿಯಲ್ಲಿ ಬಾಳಿದ ಜನರ ಅಭ್ಯಾಸವೂ ಒಂದು ಬಗೆಯ ತಾಯ್ನುಡಿಯೇ. ಅದನ್ನು ಅಳೆಯುವ ಕೋಲು ಜನಗಣತಿಯ ಭಾಷಾಪಟ್ಟಿಯಲ್ಲಿ ಇಲ್ಲ.

ದೇವರುಗಳಂತೂ ಈ ಗೆರೆಯನ್ನು ಎಂದೂ ಮಾನ್ಯ ಮಾಡಿದವರಲ್ಲ. ಪಾವಗಡದ ಶನಿಮಹಾತ್ಮನ ಗುಡಿಗೆ ಶ್ರಾವಣದ ಶನಿವಾರಗಳಲ್ಲಿ ಎರಡು ರಾಜ್ಯಗಳ ಬಸ್ಸುಗಳೂ ತುಂಬಿ ಬರುವುವು. ಅಲ್ಲಿಯೇ ಶೀತಲಾದೇವಿಗೂ ಪೂಜೆಯುಂಟು. ಉತ್ತರ ಪಿನಾಕಿನಿಯ ದಡದಲ್ಲಿರುವ ನಾಗಲಮಡಿಕೆಯ ಸುಬ್ರಹ್ಮಣ್ಯನನ್ನು ಅಂತ್ಯ ಸುಬ್ರಹ್ಮಣ್ಯನೆನ್ನುವರು: ಕುಕ್ಕೆಯದು ಆದಿ, ಘಾಟಿಯದು ಮಧ್ಯ, ಇದು ಅಂತ್ಯ. ತುಳುನಾಡಿನ ಅಂಚಿನ ಕಾಡಿನಿಂದ ತೊಡಗಿ ಈ ಒಣನೆಲದವರೆಗೆ ಸರ್ಪರೂಪದ ಸ್ವಾಮಿಯು ಮೂರು ಹೆಜ್ಜೆಯಿಟ್ಟು ಬಂದನೆಂಬ ಭಾವನೆಯು ಎಷ್ಟು ಸೊಗಸಾಗಿದೆ! ಹಾವಿನ ಹೆಸರಿನ ಪಟ್ಟಣದ ನೆರೆಯಲ್ಲಿ ಅವನ ಕೊನೆಯ ಹೆಜ್ಜೆ ಬಿದ್ದದ್ದೂ ತಕ್ಕದ್ದೇ. ಆದರೆ ಆ ನದಿಯ ವಿಷಯವೇ ಬೇರೆ. ಉತ್ತರ ಪಿನಾಕಿನಿಯು ನಂದಿಯ ಬಳಿ ನಮ್ಮಲ್ಲಿ ಹುಟ್ಟಿ, ಆಂಧ್ರಕ್ಕೆ ಹೋಗಿ, ಪಾವಗಡದ ತಾಲ್ಲೂಕನ್ನು ಹಾದು, ಮರಳಿ ಆಂಧ್ರಕ್ಕೆ ಹೋಗುವುದು. ಗಡಿಯನ್ನು ಇಷ್ಟು ಸಲ ದಾಟುವ ನದಿಯಲ್ಲಿ ಹಲವು ವರ್ಷಗಳಲ್ಲಿ ಮರಳು ಮಾತ್ರ ಹರಿಯುವುದು.

ಇಲ್ಲಿಗೆ ಪಾವಗಡದ ನಿಜವಾದ ಸಂಕಟಕ್ಕೆ ಬಂದೆವು. ಅದು ಭಾಷೆಯದಲ್ಲ, ನೀರಿನದು. ಮಳೆಯ ನೆರಳಿನಲ್ಲಿ ಸಿಕ್ಕಿದ ಈ ಸೀಮೆಗೆ ಬರಗಾಲವು ವಾಡಿಕೆಯ ನೆಂಟ. ಕೆರೆಗಳು ಬತ್ತಿದ ಮೇಲೆ ಜನರು ಕೊಳವೆ ಬಾವಿಯನ್ನು ನಂಬಿದರು. ಆಳಕ್ಕೆ ಹೋದಷ್ಟೂ ನೀರಿನಲ್ಲಿ ಫ್ಲೋರೈಡಿನ ಅಂಶವು ಹೆಚ್ಚಿತು. ಹಳ್ಳಿಗಳಲ್ಲಿ ಕಂದುಬಣ್ಣದ ಹಲ್ಲಿನ ಮಕ್ಕಳನ್ನೂ, ಬಾಗದ ಮಂಡಿಯ ಮುದುಕರನ್ನೂ ನೋಡಿದಾಗ, ಆ ನೀರನ್ನು ಕುಡಿಯದೆ ಬೇರೆ ದಾರಿಯಿಲ್ಲದ ಜನರ ಮುಂದೆ ಇತಿಹಾಸದ ಪಾಂಡಿತ್ಯವು ನಾಚಿಕೊಳ್ಳುವುದು. ಹರೆಯದವರು ಬೆಂಗಳೂರಿಗೆ ದುಡಿಯಲು ಹೋಗುವರು. ೨೦೦೫ರ ಫೆಬ್ರವರಿಯಲ್ಲಿ ಈ ತಾಲ್ಲೂಕಿನ ವೆಂಕಟಮ್ಮನಹಳ್ಳಿಯಲ್ಲಿ ಬೀಡುಬಿಟ್ಟಿದ್ದ ಪೊಲೀಸರ ಮೇಲೆ ನಕ್ಸಲೀಯರು ರಾತ್ರಿಯಲ್ಲಿ ಬಿದ್ದು ಕೊಂದಾಗ, ಪಾವಗಡವೆಂಬ ಊರು ಇರುವುದು ರಾಜಧಾನಿಯ ಪತ್ರಿಕೆಗಳಿಗೆ ನೆನಪಾಯಿತು. ಕೆಲವು ದಿನ ನೆನಪಿದ್ದು ಮತ್ತೆ ಮರೆಯಿತು. ತುಂಗಭದ್ರೆಯ ಹಿನ್ನೀರನ್ನು ಕುಡಿಯಲು ತರುವ ದೊಡ್ಡ ಯೋಜನೆಯನ್ನು ಸರ್ಕಾರವು ಕೈಗೊಂಡದ್ದು ಬಹಳ ತಡವಾಗಿ; ತುಮಕೂರಿನಿಂದ ರಾಯದುರ್ಗಕ್ಕೆ ಈ ಮಾರ್ಗವಾಗಿ ರೈಲು ಬರುವುದೆಂಬ ಮಾತೂ ಹಳೆಯದೇ.

ಮಳೆ ಕೊಡದ ಆಕಾಶವು ಬಿಸಿಲನ್ನು ಧಾರಾಳವಾಗಿ ಕೊಟ್ಟಿತ್ತು. ಆ ಬಿಸಿಲಿಗೆ ಬೆಲೆ ಬಂದದ್ದು ಈಚೆಗೆ. ತಿರುಮಣಿ, ಬಳಸಮುದ್ರ, ಕ್ಯಾತಗಾನಚೆರ್ಲು, ವಳ್ಳೂರು, ರಾಯಚೆರ್ಲು ಎಂಬ ಐದು ಹಳ್ಳಿಗಳ ಸುಮಾರು ೧೩,೦೦೦ ಎಕರೆ ನೆಲದಲ್ಲಿ ೨,೦೫೦ ಮೆಗಾವಾಟಿನ ಸೌರವಿದ್ಯುತ್ತಿನ ಕ್ಷೇತ್ರವು ೨೦೧೮ರಿಂದ ಹಂತಹಂತವಾಗಿ ಕೆಲಸ ಮಾಡತೊಡಗಿತು. ಹಳ್ಳಿಗಳ ಹೆಸರಿನ ಕೊನೆಯಲ್ಲಿರುವ 'ಚೆರ್ಲು', 'ಸಮುದ್ರ'ಗಳನ್ನು ಗಮನಿಸಿರಿ. 'ಚೆರುವು' ಎಂದರೆ ತೆಲುಗಿನಲ್ಲಿ ಕೆರೆ. ಕೆರೆಗಳ ಹೆಸರಿನ ಊರುಗಳಲ್ಲಿ ಈಗ ಗಾಜಿನ ಹಲಗೆಗಳು ನೀರಿನಂತೆ ಹೊಳೆಯುತ್ತಿವೆ. ನೆಲವನ್ನು ಸರ್ಕಾರವು ಕೊಂಡುಕೊಳ್ಳದೆ, ಎಕರೆಗೆ ವರ್ಷಕ್ಕೆ ೨೧,೦೦೦ ರೂಪಾಯಿಯಂತೆ, ಎರಡು ವರ್ಷಕ್ಕೊಮ್ಮೆ ನೂರಕ್ಕೆ ಐದರಂತೆ ಏರಿಸುವ ಕರಾರಿನ ಮೇಲೆ ಗುತ್ತಿಗೆಗೆ ಹಿಡಿಯಿತು. ಒಡೆತನವು ರೈತನಲ್ಲಿಯೇ ಉಳಿಯಿತು. ಇದು ಬುದ್ಧಿವಂತಿಕೆಯ ಏರ್ಪಾಡು, ಒಪ್ಪಬೇಕು. ಕಡಲೆಕಾಯಿ ಬಿತ್ತಿ ಬೀಜವನ್ನೂ ಕಳೆದುಕೊಳ್ಳುತ್ತಿದ್ದವನಿಗೆ ನಿಶ್ಚಿತವಾದ ವರಮಾನ ಸಿಕ್ಕಿತು. ಆದರೆ ಹತ್ತು ಎಕರೆಯುಳ್ಳವನಿಗೆ ಬರುವ ಗುತ್ತಿಗೆಯ ಹಣವು ಅವನ ಹೊಲದಲ್ಲಿ ಕಳೆ ಕೀಳುತ್ತಿದ್ದವಳಿಗೆ ಬರುವುದಿಲ್ಲ. ನೆಲವಿಲ್ಲದ ಕೂಲಿಕಾರನೂ ಕುರಿ ಮೇಯಿಸುವವನೂ ಬೇಲಿಯ ಹೊರಗೆ ಉಳಿದರು. ಮೇಷ್ಟ್ರು ಇದನ್ನು ಹೇಳುವಾಗ ಪತ್ರಿಕೆಯನ್ನು ಮಡಿಸಿ ಪಕ್ಕಕ್ಕಿಟ್ಟರು. 'ಬೆಳಕು ಇಲ್ಲಿಂದ ಹೋಗುವುದು ಸ್ವಾಮಿ, ನೀರು ಇಲ್ಲಿಗೆ ಬರುವುದು ತಾನೇ ಕಷ್ಟ?' ಎಂದರು. ಅದಕ್ಕೂ ನನ್ನಲ್ಲಿ ಉತ್ತರವಿರಲಿಲ್ಲ.

ಹೊರಡುವ ದಿನ ತಾಲ್ಲೂಕು ಕಚೇರಿಯ ಹೊರಗೆ ಬಸ್ಸಿಗಾಗಿ ಕಾಯುತ್ತ ನಿಂತಿದ್ದೆ. ಬೇವಿನ ಮರದ ಕೆಳಗೆ ಅರ್ಜಿ ಬರೆಯುವವನೊಬ್ಬನು ಹಲಗೆಯನ್ನು ತೊಡೆಯ ಮೇಲಿಟ್ಟುಕೊಂಡು ಕುಳಿತಿದ್ದನು. ಅವನ ಮುಂದೆ ಕುಕ್ಕರುಗಾಲಿನಲ್ಲಿ ಕುಳಿತ ನಡುವಯಸ್ಸಿನ ಹೆಂಗಸು ತನ್ನ ಬೀದಿಯ ಕಷ್ಟವನ್ನು ತೆಲುಗಿನಲ್ಲಿ ಹೇಳುತ್ತಿದ್ದಳು. ಅವನು ಕೇಳುತ್ತ ಕನ್ನಡದಲ್ಲಿ ಬರೆಯುತ್ತಿದ್ದನು. ಅವಳು 'ನೀಳ್ಳು' ಎಂದರೆ ಇವನ ಲೇಖನಿಯಲ್ಲಿ 'ನೀರು'. ಅವಳು 'ವೀಧಿ' ಎಂದರೆ ಇವನಲ್ಲಿ 'ಬೀದಿ'. ಬರೆದಾದ ಮೇಲೆ ಓದಿ ಹೇಳಿದನು, ಮತ್ತೆ ತೆಲುಗಿನಲ್ಲಿ. ಅವಳು ನಡುವೆ ತಡೆದು, ಹದಿನೈದು ದಿನಕ್ಕೊಮ್ಮೆ ಎಂದು ಬರೆದಿರುವೆಯಾ, ಸರಿಯಾಗಿ ನೋಡು ಎಂದಳು. ಅವನು ನೋಡಿ ಸೇರಿಸಿದನು. ಇಡೀ ಅರ್ಜಿಯಲ್ಲಿ ಅವನು ಮಾರ್ಪಡಿಸದೆ ಬಿಟ್ಟ ಮಾತು ನನ್ನ ಕಿವಿಗೆ ಬಿದ್ದಂತೆ ಒಂದೇ: ಕೊಳಾಯಿ. ಅದು ಎರಡು ಭಾಷೆಗಳಲ್ಲಿಯೂ ಹೆಚ್ಚು ಕಡಮೆ ಒಂದೇ. ಹೆಂಗಸು ಲೇಖನಿಯನ್ನು ಇಸಕೊಂಡು ಕನ್ನಡದಲ್ಲಿ ನಿಧಾನವಾಗಿ ತನ್ನ ಹೆಸರನ್ನು ಬರೆದು, ಸೆರಗಿನ ಗಂಟಿನಿಂದ ಹಣವನ್ನು ಬಿಚ್ಚಿ ಕೊಟ್ಟು, ಅರ್ಜಿಯನ್ನು ಎರಡು ಕೈಗಳಲ್ಲಿ ಹಿಡಿದುಕೊಂಡು ಕಚೇರಿಯ ಮೆಟ್ಟಿಲು ಹತ್ತಿದಳು.